ಸ್ವಂತ ಫೋಟೋ ಪ್ರಾಜೆಕ್ಟ್: ಶುರು ಮಾಡಿದ್ದನ್ನು ಮುಗಿಸುವುದು ಹೇಗೆ?

"ಮೂರು ಸಾವಿರ ಫೋಟೋ ತೆಗೆದಿದ್ದೇನೆ. ಮುಂದೇನು ಮಾಡಬೇಕು ಅಂತ ಗೊತ್ತಾಗ್ತಾ ಇಲ್ಲ." ಈ ಮಾತನ್ನು ನಾನು ಎಷ್ಟೋ ಜನರಿಂದ ಕೇಳಿದ್ದೇನೆ. ಹೀಗೆ ಹೇಳುವವರ ಫೋಟೋಗಳು ಚೆನ್ನಾಗಿಯೇ ಇರುತ್ತವೆ. ಕ್ಯಾಮೆರಾ ಕೂಡ ಒಳ್ಳೆಯದೇ. ಆದರೂ ಪ್ರಾಜೆಕ್ಟ್ ಅರ್ಧಕ್ಕೆ ನಿಂತಿರುತ್ತದೆ. ವಿಚಾರಿಸಿದರೆ ಬಹುತೇಕ ಸಲ ಒಂದೇ ಕಾರಣ ಸಿಗುತ್ತದೆ: ಕೆಲಸದ ಕ್ರಮ ತಪ್ಪಿದೆ. ಕೊನೆಗೆ ಏನಾಗಬೇಕು ಎಂದು ತೀರ್ಮಾನಿಸುವ ಮೊದಲೇ ತೆಗೆಯಲು ಹೊರಟಿದ್ದಾರೆ. ಆರಿಸುವ ಮೊದಲೇ ಬಣ್ಣ ತಿದ್ದಲು ಕೂತಿದ್ದಾರೆ.

ನನ್ನ ಮೊದಲ ಎರಡು ಪ್ರಾಜೆಕ್ಟುಗಳೂ ಅರ್ಧಕ್ಕೇ ನಿಂತವು. ಮೂರನೆಯದು ಮುಗಿಯಿತು. ಅದು ನನ್ನ ಚಿಕ್ಕಮ್ಮನ ಹೊಲಿಗೆ ಕೋಣೆಯ ಬಗ್ಗೆ ಮಾಡಿದ್ದು. ಕೆಳಗಿನ ಉದಾಹರಣೆಗಳು ಹೆಚ್ಚಾಗಿ ಅಲ್ಲಿಂದಲೇ ಬಂದವು. ಹಂತಗಳನ್ನು ದಯವಿಟ್ಟು ಇದೇ ಕ್ರಮದಲ್ಲಿ ಮಾಡಿ. ಒಂದನ್ನು ಹಾರಿಸಿದರೆ ಎರಡು ಹಂತ ದಾಟಿದ ಮೇಲೆ ಅದರ ತೊಂದರೆ ಗೊತ್ತಾಗುತ್ತದೆ.

## ಹಂತ 1: ವಿಷಯವನ್ನು ಚಿಕ್ಕದು ಮಾಡಿ

"ಒಂಟಿತನ", "ಊರು", "ದುಡಿಮೆ". ಕೇಳಲು ಚೆನ್ನಾಗಿವೆ, ಆದರೆ ಇವುಗಳ ಫೋಟೋ ತೆಗೆಯಲು ಆಗುವುದಿಲ್ಲ. ಕ್ಯಾಮೆರಾವನ್ನು ಯಾವ ಕಡೆ ತಿರುಗಿಸಬೇಕು ಎಂದೇ ತಿಳಿಯುವುದಿಲ್ಲ.

ಒಂದು ವಾಕ್ಯ ಬರೆಯಿರಿ. ಯಾರು ಅಥವಾ ಏನು, ಎಲ್ಲಿ, ಎಷ್ಟು ದಿನ, ಈ ಮೂರೂ ಅದರಲ್ಲಿ ಇರಲಿ. ನನ್ನದು ಹೀಗಿತ್ತು: "ಚಿಕ್ಕಮ್ಮ ಬಟ್ಟೆ ಹೊಲಿಯುವ ಕೋಣೆ, ಆರು ತಿಂಗಳು, ಕಿಟಕಿ ಬೆಳಕಿನಲ್ಲಿ." ಇದನ್ನು ಒಬ್ಬರಿಗೆ ಓದಿ ಹೇಳಿ. ಅವರು "ಅಂದ್ರೆ?" ಎಂದು ಕೇಳಿದರೆ ವಿಷಯ ಇನ್ನೂ ದೊಡ್ಡದಿದೆ ಎಂದರ್ಥ.

ಆ ಜಾಗಕ್ಕೆ ವಾರಕ್ಕೆ ಒಂದು ಸಲವಾದರೂ ಹೋಗಲು ನಿಮಗೆ ಸಾಧ್ಯವಾಗಬೇಕು. ಇದನ್ನು ಜನ ಮರೆಯುತ್ತಾರೆ. ದೂರದ ಬೆಟ್ಟದ ಮೇಲಿನ ಹಳ್ಳಿ ಎಷ್ಟೇ ಸುಂದರವಾಗಿರಲಿ, ವರ್ಷಕ್ಕೆ ಎರಡು ಸಲ ಹೋದರೆ ಬರುವುದು ಪ್ರವಾಸದ ಫೋಟೋಗಳು. ಮನೆಯ ಮೆಟ್ಟಿಲು, ಎದುರಿನ ಮರ, ಅಪ್ಪನ ಕೆಲಸದ ಮೇಜು ಇವೆಲ್ಲ ಮೊದಲ ಪ್ರಾಜೆಕ್ಟಿಗೆ ಎಷ್ಟೋ ಮೇಲು.

ಜೊತೆಗೆ, ನಿಮಗೆ ನಿಜವಾಗಿ ಉತ್ತರ ಗೊತ್ತಿಲ್ಲದ ಒಂದು ಪ್ರಶ್ನೆ ಇರಲಿ. ಅಷ್ಟು ವರ್ಷ ಒಂದೇ ಕುರ್ಚಿಯಲ್ಲಿ ಕೂತು ದುಡಿದವರ ಸುತ್ತ ಕೋಣೆ ಹೇಗೆ ಬದಲಾಗುತ್ತದೆ? ಇದು ನನ್ನ ಪ್ರಶ್ನೆಯಾಗಿತ್ತು. ಏನು ತೆಗೆಯಬೇಕೆಂದು ತೋಚದ ದಿನ ಆ ಪ್ರಶ್ನೆಯೇ ನನ್ನನ್ನು ಕುರ್ಚಿಯ ಸವೆದ ಕೈಯ ಹತ್ತಿರ, ನೆಲದ ಮೇಲೆ ಪಾದ ಇಟ್ಟು ಇಟ್ಟು ನುಣುಪಾದ ಜಾಗದ ಹತ್ತಿರ ಕರೆದೊಯ್ದಿತು.

## ಹಂತ 2: ಕೊನೆಯ ರೂಪವನ್ನು ಮೊದಲೇ ಬರೆದಿಡಿ

ಗೋಡೆಗೆ ಹಾಕುವ 12 ಪ್ರಿಂಟುಗಳೋ, 32 ಪುಟದ ಕೈಪುಸ್ತಕವೋ, ಒಂದು ಪೆಟ್ಟಿಗೆಯಲ್ಲಿ ಇಡುವ 20 ಕಾರ್ಡುಗಳೋ? ಸಂಖ್ಯೆ, ಅಳತೆ ಮತ್ತು ಮುಗಿಸುವ ತಾರೀಖನ್ನು ಕಾಗದದಲ್ಲಿ ಬರೆದು ಕಣ್ಣಿಗೆ ಬೀಳುವಲ್ಲಿ ಅಂಟಿಸಿ.

ಇದು ಸುಮ್ನೆ ಶಿಸ್ತಿಗಾಗಿ ಹೇಳುವ ಮಾತಲ್ಲ. ರೂಪ ಗೊತ್ತಿದ್ದರೆ ತೆಗೆಯುವ ರೀತಿಯೇ ಬದಲಾಗುತ್ತದೆ. ಪುಸ್ತಕಕ್ಕೆ ಎರಡು ಪುಟ ಎದುರುಬದುರು ಕೂರುತ್ತವೆ, ಹಾಗಾಗಿ ಜೋಡಿಯಾಗುವ ಚಿತ್ರಗಳು ಬೇಕು. ನಡುವೆ ಉಸಿರಾಡಲು ಖಾಲಿ ಗೋಡೆಯಂಥ ಶಾಂತ ಚಿತ್ರಗಳೂ ಬೇಕು. ಗೋಡೆಯ ಪ್ರದರ್ಶನಕ್ಕೆ ದೂರದಿಂದಲೂ ಓದಿಸಿಕೊಳ್ಳುವ ಗಟ್ಟಿ ಆಕಾರಗಳು ಬೇಕು.

ನಾನು ಬರೆದದ್ದು: 24 ಫೋಟೋ, 32 ಪುಟ, ಆರು ತಿಂಗಳು ತೆಗೆಯುವುದು, ಎರಡು ತಿಂಗಳು ಆರಿಸಿ ಕಟ್ಟುವುದು. ಸಂಖ್ಯೆ ಮುಂದೆ ಬದಲಾಗಬಹುದು. ಆದರೆ ಸಂಖ್ಯೆಯೇ ಇಲ್ಲದೆ ಶುರು ಮಾಡಬೇಡಿ.

## ಹಂತ 3: ನಿಯಮಗಳನ್ನು ಹಾಕಿಕೊಳ್ಳಿ

ಬೇರೆ ಬೇರೆ ದಿನ ತೆಗೆದ ಫೋಟೋಗಳು ಒಂದೇ ಮನೆಯವರ ಹಾಗೆ ಕಾಣಬೇಕಾದರೆ ಕೆಲವು ವಿಷಯಗಳು ಬದಲಾಗಬಾರದು. ಇವುಗಳಲ್ಲಿ ಕನಿಷ್ಠ ಮೂರನ್ನು ಈಗಲೇ ತೀರ್ಮಾನಿಸಿ:

- ಒಂದೇ ಲೆನ್ಸ್, ಅಥವಾ ಫೋನಿನ ಒಂದೇ ಕ್ಯಾಮೆರಾ. ಝೂಮ್ ಬೇಡ.
- ಬಣ್ಣವೋ, ಕಪ್ಪು ಬಿಳುಪೋ.
- ಅಡ್ಡವೋ, ಉದ್ದವೋ, ಚೌಕವೋ.
- ಯಾವ ಬೆಳಕು.

ಬಣ್ಣದ ವಿಷಯದಲ್ಲಿ ಒಂದು ಮಾತು. "ಆಮೇಲೆ ಕಪ್ಪು ಬಿಳುಪು ಮಾಡಿದರಾಯ್ತು" ಎಂದು ಮುಂದೂಡಬೇಡಿ. ಕೆಂಪು ದಾರ ಮತ್ತು ಹಸಿರು ಬಟ್ಟೆ ಬಣ್ಣದಲ್ಲಿ ಎದ್ದು ಕಾಣುತ್ತವೆ. ಕಪ್ಪು ಬಿಳುಪಿನಲ್ಲಿ ಎರಡೂ ಒಂದೇ ಬೂದು ಆಗಿ ಒಂದರಲ್ಲಿ ಒಂದು ಕರಗಿಬಿಡಬಹುದು. ತೆಗೆಯುವಾಗಲೇ ಕಣ್ಣು ಅದಕ್ಕೆ ಒಗ್ಗಿರಬೇಕು.

ನಿಯಮವನ್ನು ಮುರಿಯಬೇಕು ಅನ್ನಿಸಿದರೆ ಒಂದು ವಾರ ಕಾಯಿರಿ. ವಾರದ ನಂತರವೂ ಅನ್ನಿಸಿದರೆ ಮುರಿಯಿರಿ, ಆದರೆ ಕಾರಣವನ್ನು ಬರೆದಿಡಿ.

## ಹಂತ 4: ಸಲಕರಣೆ

ಬೇಕಾದದ್ದು ಕಡಿಮೆ. ಒಂದು ಕ್ಯಾಮೆರಾ ಅಥವಾ ಫೋನ್, ಒಂದು ಟ್ರೈಪಾಡ್, ಎರಡು ಮೆಮೊರಿ ಕಾರ್ಡ್, ಎರಡು ಹಾರ್ಡ್ ಡಿಸ್ಕ್, ಬೆಳಕನ್ನು ತಿರುಗಿಸಲು ಒಂದು ದೊಡ್ಡ ಬಿಳಿ ರಟ್ಟು, ಒಂದು ನೋಟ್‌ಬುಕ್.

12 ಮೆಗಾಪಿಕ್ಸೆಲ್ ಫೋನಿನ ಫೋಟೋದಲ್ಲಿ ಸುಮಾರು 4000 × 3000 ಪಿಕ್ಸೆಲ್ ಇರುತ್ತವೆ. ಇಂಚಿಗೆ 300 ಪಿಕ್ಸೆಲ್ ಲೆಕ್ಕದಲ್ಲಿ ಅದು ಸುಮಾರು 13 × 10 ಇಂಚಿನ ಪ್ರಿಂಟಿಗೆ ಸಾಕು. ಹೊಸ ಕ್ಯಾಮೆರಾ ಬಂದ ಮೇಲೆ ಶುರು ಮಾಡೋಣ ಎಂದು ಕಾಯುವ ಅಗತ್ಯ ಇಲ್ಲ. ಆದರೆ ಫೋನಿನಲ್ಲಿ ಕೈಬೆರಳಿನಿಂದ ಝೂಮ್ ಮಾಡಿದರೆ ಈ ಲೆಕ್ಕ ಕೆಡುತ್ತದೆ. ಅದು ಬಹಳ ಸಲ ಚಿತ್ರವನ್ನು ಕತ್ತರಿಸಿ ಹಿಗ್ಗಿಸುವುದಷ್ಟೇ.

## ಹಂತ 5: ಒಪ್ಪಿಗೆ ಪಡೆಯಿರಿ

ಮನೆಯವರೇ ಆದರೂ ಕೇಳಿ. ಯಾಕೆ ತೆಗೆಯುತ್ತಿದ್ದೀರಿ, ಯಾರು ನೋಡುತ್ತಾರೆ, ಎಲ್ಲಿ ಹಾಕುತ್ತೀರಿ ಎಂದು ಸ್ಪಷ್ಟವಾಗಿ ಹೇಳಿ. ಚಿಕ್ಕಮ್ಮ ಎರಡು ಷರತ್ತು ಹಾಕಿದರು: "ಕೂದಲು ಕೆದರಿರುವಾಗ ತೆಗೀಬೇಡ, ಗಿರಾಕಿಗಳ ಮುಖ ಬೇಡ." ಗಿರಾಕಿಗಳ ಮುಖ ಬೇಡ ಎಂದದ್ದರಿಂದ ನಾನು ಅವರು ಬಿಟ್ಟುಹೋದ ಅಳತೆ ಚೀಟಿಗಳನ್ನು, ನೇತುಹಾಕಿದ ಬಟ್ಟೆಗಳನ್ನು ತೆಗೆದೆ. ಪ್ರಾಜೆಕ್ಟಿನ ಒಳ್ಳೆಯ ಚಿತ್ರಗಳಲ್ಲಿ ಕೆಲವು ಅವೇ.

ಹೊರಗಿನವರು ಇದ್ದರೆ, ಪ್ರದರ್ಶನ ಅಥವಾ ಮುದ್ರಣದ ಯೋಚನೆ ಇದ್ದರೆ, ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಮಕ್ಕಳಿದ್ದರೆ ಹೆತ್ತವರನ್ನೂ ಕೇಳಿ, ಮಗುವನ್ನೂ ಕೇಳಿ. ಫೋನಿನ ಫೋಟೋಗಳ ಒಳಗೆ ತೆಗೆದ ಜಾಗದ ಮಾಹಿತಿ ಸೇರಿಕೊಂಡಿರಬಹುದು. ಯಾರದೋ ಮನೆಯಲ್ಲಿ ತೆಗೆಯುವಾಗ ಕ್ಯಾಮೆರಾ ಆ್ಯಪಿನ ಲೊಕೇಶನ್ ಆಫ್ ಮಾಡಿ.

## ಹಂತ 6: ಮೊದಲ ವಾರ ಬರೀ ಪರೀಕ್ಷೆ

50 ಫೋಟೋ ತೆಗೆಯಿರಿ. ಅದರಲ್ಲಿ 10 ಆರಿಸಿ 4 × 6 ಇಂಚಿಗೆ ಪ್ರಿಂಟ್ ಹಾಕಿಸಿ. ಈ ಹತ್ತನ್ನು ಪ್ರಾಜೆಕ್ಟಿಗೆ ಸೇರಿಸಬೇಕು ಎಂದೇನಿಲ್ಲ. ಹಾಕಿಕೊಂಡ ನಿಯಮ ಸರಿಯಿದೆಯೇ ಎಂದು ನೋಡುವುದು ಉದ್ದೇಶ.

ನಾನು ಮೊದಲು ಚೌಕ ಎಂದು ತೀರ್ಮಾನಿಸಿದ್ದೆ. ಪ್ರಿಂಟ್ ನೋಡಿದಾಗ ಹೊಲಿಗೆ ಯಂತ್ರದ ಉದ್ದ, ಮೇಜಿನ ಮೇಲೆ ಹರಡಿದ ಬಟ್ಟೆ ಎರಡೂ ಪ್ರತಿ ಸಲ ತುಂಡಾಗಿದ್ದವು. ಅಡ್ಡಕ್ಕೆ ಬದಲಾಯಿಸಿದೆ. ಇದೇ ತಪ್ಪು ನಾಲ್ಕು ತಿಂಗಳ ನಂತರ ಗೊತ್ತಾಗಿದ್ದರೆ ಎಲ್ಲವನ್ನೂ ಮತ್ತೆ ತೆಗೆಯಬೇಕಿತ್ತು.

## ಹಂತ 7: ತೆಗೆಯುವುದು

ವಾರದಲ್ಲಿ ಒಂದು ದಿನ, ಒಂದು ಹೊತ್ತು ಗೊತ್ತು ಮಾಡಿಕೊಳ್ಳಿ. ಮನಸ್ಸು ಬಂದಾಗ ಹೋಗುತ್ತೇನೆ ಎಂದರೆ ಮೂರನೇ ತಿಂಗಳಿಗೆ ಹೋಗುವುದೇ ನಿಲ್ಲುತ್ತದೆ. ಹೋದ ಮೇಲೆ ಮೊದಲ ಹತ್ತು ನಿಮಿಷ ಕ್ಯಾಮೆರಾ ತೆಗೆಯಬೇಡಿ. ಕೂತು ಮಾತಾಡಿ, ಬೆಳಕು ಎಲ್ಲಿ ಬೀಳುತ್ತಿದೆ ನೋಡಿ.

ಬೆಳಕು. ಕಿಟಕಿಗೆ ಹತ್ತಿರ ಹೋದಷ್ಟೂ ಬೆಳಕು ಜಾಸ್ತಿ, ನೆರಳೂ ಗಾಢ. ಎರಡು ಹೆಜ್ಜೆ ಒಳಗೆ ಸರಿದರೂ ವ್ಯತ್ಯಾಸ ದೊಡ್ಡದು. ನೆರಳಿನ ಬದಿ ತೀರಾ ಕಪ್ಪಾದರೆ ಆ ಕಡೆ ಬಿಳಿ ರಟ್ಟು ಹಿಡಿಯಿರಿ. ಕಿಟಕಿ ಬೆಳಕು ಬಳಸುವಾಗ ಕೋಣೆಯ ಬಲ್ಬ್ ಆಫ್ ಮಾಡಿ. ಹಗಲಿನ ಬೆಳಕು ಸುಮಾರು 5500 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ, ಕಡಿಮೆಯಾದಷ್ಟೂ ಹಳದಿ), ಹಳದಿ ಬಲ್ಬ್ ಸುಮಾರು 3000. ಎರಡೂ ಸೇರಿದರೆ ಮುಖದ ಒಂದು ಬದಿ ನೀಲಿ, ಇನ್ನೊಂದು ಬದಿ ಕಿತ್ತಳೆ ಆಗುತ್ತದೆ. ಕಂಪ್ಯೂಟರಿನಲ್ಲಿ ಒಂದನ್ನು ಸರಿ ಮಾಡಿದರೆ ಮತ್ತೊಂದು ಕೆಡುತ್ತದೆ.

ವೈಟ್ ಬ್ಯಾಲೆನ್ಸನ್ನು, ಅಂದರೆ ಬಿಳಿ ಬಿಳಿಯಾಗಿಯೇ ಕಾಣಲು ಬಣ್ಣ ಹೊಂದಿಸುವ ಸೆಟ್ಟಿಂಗನ್ನು, ಆಟೋದಲ್ಲಿ ಬಿಡಬೇಡಿ. "ಡೇಲೈಟ್" ಎಂದು ಒಂದೇ ಕಡೆ ನಿಲ್ಲಿಸಿ. ಆಟೋ ಇದ್ದರೆ ಕೆಂಪು ಸೀರೆ ಎದುರು ಬಂದಾಗ ಒಂದು ಬಣ್ಣ, ಬಿಳಿ ಬಟ್ಟೆ ಬಂದಾಗ ಇನ್ನೊಂದು ಬಣ್ಣ ಬರುತ್ತದೆ. ಕ್ಯಾಮೆರಾದಲ್ಲಿ ರಾ ಫೈಲ್ (ಕ್ಯಾಮೆರಾ ತಿದ್ದದೆ ಉಳಿಸುವ ಕಚ್ಚಾ ಫೈಲ್) ಸೌಲಭ್ಯ ಇದ್ದರೆ ಅದನ್ನೇ ಬಳಸಿ. ತಿದ್ದಲು ಹೆಚ್ಚು ಅವಕಾಶ ಸಿಗುತ್ತದೆ.

ಶಟರ್. ಕೈಯಲ್ಲಿ ಹಿಡಿದು ತೆಗೆಯುವಾಗ ಶಟರ್ ವೇಗ (ಶಟರ್ ಸೆಕೆಂಡಿನ ಎಷ್ಟನೇ ಒಂದು ಭಾಗ ತೆರೆದಿರುತ್ತದೆ ಎಂಬ ಸಂಖ್ಯೆ) ಲೆನ್ಸಿನ ಫೋಕಲ್ ಲೆಂಗ್ತಿಗಿಂತ (ಲೆನ್ಸಿನ ಮೇಲೆ ಎಂಎಂನಲ್ಲಿ ಬರೆದ ಸಂಖ್ಯೆ) ಕಡಿಮೆ ಆಗದಿರಲಿ: 50 ಎಂಎಂ ಲೆನ್ಸಿಗೆ 1/50 ಸೆಕೆಂಡ್. ಇದು ನಿಮ್ಮ ಕೈ ನಡುಗುವುದಕ್ಕೆ ಮಾತ್ರ. ಎದುರಿನವರ ಕೈ ಓಡುತ್ತಿದ್ದರೆ 1/250 ಅಥವಾ ಇನ್ನೂ ವೇಗ ಬೇಕು. ಬೇಕೆಂದೇ ಉಲ್ಟಾ ಕೂಡ ಮಾಡಬಹುದು. ಟ್ರೈಪಾಡ್ ಮೇಲೆ 1/8 ಸೆಕೆಂಡ್ ಇಟ್ಟರೆ ಯಂತ್ರ ಸ್ಥಿರವಾಗಿ, ಸೂಜಿ ಮತ್ತು ಬಟ್ಟೆ ಮಂಜಿನ ಹಾಗೆ ಬರುತ್ತವೆ. ಆ ಚಿತ್ರ ನೋಡಿದಾಗ ಹೊಲಿಗೆಯ ಸದ್ದು ಕೇಳಿಸಿದಂತಾಗುತ್ತದೆ.

ಬೆಳಕು ಸಾಲದಿದ್ದರೆ ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಎಂಬ ಸೆಟ್ಟಿಂಗ್) ಏರಿಸಲು ಹೆದರಬೇಡಿ. 1600ರಲ್ಲಿ ಬರುವ ಕಾಳು ಕಾಳಾದ ಒರಟುತನ ಪರದೆಯಲ್ಲಿ ಕಂಡಷ್ಟು ಪ್ರಿಂಟಿನಲ್ಲಿ ಕಾಣುವುದಿಲ್ಲ. ಅಲುಗಿದ ಚಿತ್ರವನ್ನು ಮಾತ್ರ ಯಾರೂ ಸರಿ ಮಾಡಲಾಗದು. ಅತಿ ಬೆಳಕಾಗಿ ಪೂರ್ತಿ ಬಿಳಿಯಾದ ಭಾಗವೂ ಅಷ್ಟೇ, ಅಲ್ಲಿ ಏನೂ ಉಳಿದಿರುವುದಿಲ್ಲ. ಹಾಗಾಗಿ ಬಿಳಿ ಬಟ್ಟೆ ಹೀಗೆ ಪೂರ್ತಿ ಬಿಳಿಯಾಗುತ್ತಿದ್ದರೆ ಚಿತ್ರದ ಬೆಳಕು, ಅಂದರೆ ಎಕ್ಸ್‌ಪೋಷರ್ ಸ್ವಲ್ಪ ತಗ್ಗಿಸಿ.

ಎಲ್‌ಇಡಿ ಅಥವಾ ಟ್ಯೂಬ್‌ಲೈಟ್ ಕೆಳಗೆ ಫೋಟೋದಲ್ಲಿ ಅಡ್ಡ ಪಟ್ಟೆಗಳು ಬಂದರೆ ಸೈಲೆಂಟ್ ಶಟರ್ (ಸದ್ದಿಲ್ಲದೆ ತೆಗೆಯುವ ಸೆಟ್ಟಿಂಗ್) ಆಫ್ ಮಾಡಿ, ವೇಗವನ್ನು 1/50 ಅಥವಾ 1/100ಕ್ಕೆ ತನ್ನಿ. ಕರೆಂಟ್ 60 ಹರ್ಟ್ಸ್ ಇರುವ ದೇಶಗಳಲ್ಲಿ 1/60 ಅಥವಾ 1/120.

ದೂರ. ಎಲ್ಲರೂ ಮಾಡುವ ತಪ್ಪು ಇದು: ಪ್ರತಿ ಫೋಟೋವನ್ನೂ ಒಂದೇ ದೂರದಿಂದ, ನಿಂತ ಎತ್ತರದಿಂದಲೇ ತೆಗೆಯುವುದು. ಪ್ರತಿ ಭೇಟಿಯಲ್ಲೂ ನಾಲ್ಕು ಬಗೆ ಇರಲಿ. ಇಡೀ ಕೋಣೆ. ವ್ಯಕ್ತಿ ಮತ್ತು ಅವರ ಕೆಲಸ. ಕೈ, ಕತ್ತರಿ, ಬಾಬಿನ್ ಥರದ ಹತ್ತಿರದ ವಿವರ. ಯಾರೂ ಇಲ್ಲದ ಜಾಗ. ನಾಲ್ಕನೆಯದನ್ನು ಬಹಳ ಜನ ಮರೆಯುತ್ತಾರೆ, ಪುಸ್ತಕ ಕಟ್ಟುವಾಗ ಅದರ ಕೊರತೆಯೇ ಎದ್ದು ಕಾಣುತ್ತದೆ.

ಬಂದ ಕೂಡಲೇ ನೋಟ್‌ಬುಕ್ಕಿನಲ್ಲಿ ಎರಡು ಸಾಲು ಬರೆಯಿರಿ. ಅವರು ಹೇಳಿದ ಒಂದು ಮಾತು, ನೀವು ಕಂಡರೂ ತೆಗೆಯಲಾಗದ ಒಂದು ದೃಶ್ಯ. ಮುಂದಿನ ವಾರ ಏನು ತೆಗೆಯಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಟ್ಟಿ ಸಿಗುವುದಿಲ್ಲ.

## ಹಂತ 8: ಅದೇ ದಿನ ನಕಲು ಮಾಡಿ

ಫೋಲ್ಡರ್ ಹೆಸರು ವರ್ಷ, ತಿಂಗಳು, ದಿನ ಈ ಕ್ರಮದಲ್ಲಿರಲಿ: 2025-03-14. ಹೀಗೆ ಬರೆದರೆ ಕಂಪ್ಯೂಟರ್ ತಾನಾಗಿ ದಿನದ ಕ್ರಮದಲ್ಲಿ ಜೋಡಿಸುತ್ತದೆ.

ಒಟ್ಟು ಮೂರು ಪ್ರತಿ ಇರಬೇಕು. ಅವು ಎರಡು ಬೇರೆ ಬಗೆಯ ಜಾಗದಲ್ಲಿರಬೇಕು, ಒಂದು ಮನೆಯ ಹೊರಗಿರಬೇಕು. ಕಂಪ್ಯೂಟರ್, ಹಾರ್ಡ್ ಡಿಸ್ಕ್, ಮತ್ತು ಕ್ಲೌಡ್ ಅಥವಾ ನೆಂಟರ ಮನೆಯಲ್ಲಿಟ್ಟ ಎರಡನೇ ಡಿಸ್ಕ್. ನನ್ನ ಮೊದಲ ಪ್ರಾಜೆಕ್ಟಿನ ಐದು ತಿಂಗಳ ಕೆಲಸ ಒಂದೇ ಡಿಸ್ಕಿನಲ್ಲಿತ್ತು. ಅದು ಕೈಜಾರಿ ಬಿತ್ತು. ಏನೂ ವಾಪಸ್ ಸಿಗಲಿಲ್ಲ. ಆ ಬೇಸರ ನಿಮಗೆ ಬಾರದಿರಲಿ ಎಂದೇ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಎರಡು ಪ್ರತಿಯಾಗುವ ತನಕ ಮೆಮೊರಿ ಕಾರ್ಡನ್ನು ಅಳಿಸಬೇಡಿ. ತಪ್ಪಿ ಅಳಿಸಿದರೆ ಆ ಕಾರ್ಡಿನಲ್ಲಿ ಇನ್ನೊಂದು ಫೋಟೋ ಕೂಡ ತೆಗೆಯದೆ ಪಕ್ಕಕ್ಕಿಡಿ. ಹಳೆಯ ಫೈಲುಗಳ ಮೇಲೆ ಹೊಸದು ಬರೆಯದಿದ್ದರೆ ರಿಕವರಿ ಸಾಫ್ಟ್‌ವೇರಿನಿಂದ ಅವು ಸಿಗುವ ಸಾಧ್ಯತೆ ಇದೆ. ಫೋನಿನಿಂದ ಕಂಪ್ಯೂಟರಿಗೆ ವಾಟ್ಸ್ಆ್ಯಪ್‌ನಲ್ಲಿ ಫೋಟೋ ಎಂದು ಕಳಿಸಿಕೊಳ್ಳಬೇಡಿ, ಅದು ಚಿತ್ರವನ್ನು ಕುಗ್ಗಿಸುತ್ತದೆ. ಕೇಬಲ್ ಬಳಸಿ, ಇಲ್ಲವೇ ಡಾಕ್ಯುಮೆಂಟ್ ಎಂದು ಕಳಿಸಿ.

## ಹಂತ 9: ಆರಿಸುವುದು

ಪ್ರಾಜೆಕ್ಟುಗಳು ಜಾಸ್ತಿ ನಿಲ್ಲುವುದು ಇಲ್ಲೇ. ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಮೊದಲ ತಪ್ಪು, ಎಲ್ಲ ಮುಗಿದ ಮೇಲೆ ಆರಿಸಲು ಕೂರುವುದು. ಅವಧಿಯ ಮೂರನೇ ಒಂದು ಭಾಗ ಕಳೆದಾಗ ಒಂದು ಸಲ ಆರಿಸಿ ನೋಡಿ. ಆರು ತಿಂಗಳ ಪ್ರಾಜೆಕ್ಟ್ ಆದರೆ ಎರಡನೇ ತಿಂಗಳ ಕೊನೆಗೆ. ನಾನು ಹಾಗೆ ಮಾಡಿದಾಗ ನನ್ನಲ್ಲಿ ಕೈಗಳ ಫೋಟೋ ರಾಶಿ ಇತ್ತು, ಚಿಕ್ಕಮ್ಮನ ಬೆನ್ನು ಮತ್ತು ಪಾದದ ಫೋಟೋ ಒಂದೂ ಇರಲಿಲ್ಲ. ಪೆಡಲ್ ತುಳಿಯುವ ಕೆಲಸದಲ್ಲಿ ಪಾದವೇ ಇಲ್ಲದಿದ್ದರೆ ಹೇಗೆ? ಉಳಿದ ನಾಲ್ಕು ತಿಂಗಳಲ್ಲಿ ಅದನ್ನು ತುಂಬಲು ಸಮಯ ಸಿಕ್ಕಿತು.

ಕೊನೆಯ ಆಯ್ಕೆಯನ್ನು ಹೀಗೆ ಮಾಡಿ.

ತೆಗೆಯುವುದು ಮುಗಿದ ಮೇಲೆ ಎರಡು ವಾರ ಫೋಲ್ಡರ್ ತೆರೆಯಬೇಡಿ. ಆ ದಿನದ ಬಿಸಿಲು, ಆ ದಿನದ ಮಾತು ಇನ್ನೂ ತಲೆಯಲ್ಲಿರುವಾಗ ಫೋಟೋದಲ್ಲಿ ಇಲ್ಲದ್ದೂ ನಮಗೆ ಕಾಣುತ್ತದೆ.

ಮೊದಲ ಸುತ್ತು ವೇಗವಾಗಿರಲಿ. ಒಂದು ಚಿತ್ರಕ್ಕೆ ಮೂರು ಸೆಕೆಂಡ್. ಇರಲಿ ಅಥವಾ ಬೇಡ, ಅಷ್ಟೇ. ನಕ್ಷತ್ರ ಕೊಡುತ್ತಾ ಕೂರಬೇಡಿ. ಏನನ್ನೂ ಅಳಿಸಬೇಡಿ. ನನಗೆ ಸುಮಾರು 1800ರಿಂದ 200 ಉಳಿದವು.

ಎರಡನೇ ಸುತ್ತಿಗೆ ಆ 200ನ್ನೂ ಚಿಕ್ಕದಾಗಿ ಪ್ರಿಂಟ್ ಮಾಡಿ. ಸಾಮಾನ್ಯ ಕಾಗದದಲ್ಲಿ ಒಂದು ಹಾಳೆಗೆ ಎಂಟು ಚಿತ್ರ ಹಾಕಿ ಕತ್ತರಿಸಿದರೂ ಸಾಕು. ನೆಲದ ಮೇಲೆ ಹರಡಿ. ಪರದೆಯಲ್ಲಿ ಒಂದಾದ ಮೇಲೆ ಒಂದು ನೋಡುವಾಗ ಪ್ರತಿಯೊಂದೂ ಚೆನ್ನಾಗಿಯೇ ಕಾಣುತ್ತದೆ. ನೆಲದ ಮೇಲೆ ಹರಡಿದಾಗ ಒಂದೇ ಚಿತ್ರವನ್ನು ಹನ್ನೊಂದು ಸಲ ತೆಗೆದಿದ್ದೇನೆ ಎಂಬುದು ಕಣ್ಣಿಗೆ ಹೊಡೆಯುತ್ತದೆ. ಈ ಒಂದು ಹಂತವನ್ನು ಮಾತ್ರ ಪರದೆಯಲ್ಲೇ ಮುಗಿಸಿಬಿಡುತ್ತೇನೆ ಎನ್ನಬೇಡಿ.

ಒಂದೇ ಮಾತು ಹೇಳುವ ಚಿತ್ರಗಳನ್ನು ಗುಂಪು ಮಾಡಿ, ಪ್ರತಿ ಗುಂಪಿನಿಂದ ಒಂದನ್ನು ಉಳಿಸಿ. 200 ಇದ್ದದ್ದು 60ಕ್ಕೆ ಬರುತ್ತದೆ. 60ರಿಂದ 24ಕ್ಕೆ ಇಳಿಯುವುದು ಮನಸ್ಸಿಗೆ ಕಷ್ಟ. ಪ್ರತಿ ಚಿತ್ರವನ್ನೂ ಪಕ್ಕಕ್ಕಿಟ್ಟು ನೋಡಿ: ಇದು ಇಲ್ಲದಿದ್ದರೆ ಉಳಿದವುಗಳಿಗೆ ಏನಾದರೂ ಕೊರತೆಯಾಯಿತೇ? ಆಗದಿದ್ದರೆ ಅದು ಹೊರಗಿರಲಿ.

ಕಷ್ಟಪಟ್ಟು ತೆಗೆದ ಫೋಟೋ ಬಗ್ಗೆ ಎಚ್ಚರ. ಒಂದು ಮುಂಜಾನೆ ಎರಡು ಗಂಟೆ ಕಾದು, ಕಿಟಕಿಯ ಸರಳುಗಳ ನೆರಳು ಬಟ್ಟೆಯ ಮೇಲೆ ಬೀಳುವ ಚಿತ್ರ ತೆಗೆದಿದ್ದೆ. ಅದನ್ನು ಕೊನೆಯವರೆಗೂ ಬಿಡಲು ಮನಸ್ಸಾಗಲಿಲ್ಲ. ನೋಡುವವರಿಗೆ ನಾನು ಕಾದದ್ದು ಕಾಣುವುದಿಲ್ಲ, ಅಲ್ವಾ? ಅವರಿಗೆ ಅದು ಪಟ್ಟೆ ಪಟ್ಟೆಯ ಬಟ್ಟೆ. ಕೊನೆಗೆ ಅದನ್ನು ಹೊರಗಿಟ್ಟೆ.

ಇಲ್ಲಿ ಹೊರಗಿನ ಒಬ್ಬರ ಕಣ್ಣು ಬೇಕು. "ಹೇಗಿದೆ?" ಎಂದು ಕೇಳಬೇಡಿ, "ಚೆನ್ನಾಗಿದೆ" ಎಂದೇ ಹೇಳುತ್ತಾರೆ. 60 ಚಿತ್ರಗಳನ್ನು ಕೈಗೆ ಕೊಟ್ಟು ಸುಮ್ಮನೆ ಕೂರಿ. ಯಾವುದನ್ನು ಎರಡನೇ ಸಲ ಎತ್ತಿಕೊಳ್ಳುತ್ತಾರೆ ನೋಡಿ. ಆಮೇಲೆ "ಇದರಲ್ಲಿ ಏನು ಕಾಣ್ತಿದೆ?" ಎಂದು ಕೇಳಿ.

## ಹಂತ 10: ಸಾಲು ಜೋಡಿಸಿ

24 ಚಿಕ್ಕ ಪ್ರಿಂಟುಗಳನ್ನು ಪೇಪರ್ ಟೇಪಿನಿಂದ ಗೋಡೆಗೆ ಅಂಟಿಸಿ. ಒಂದು ವಾರ ಹೋಗುತ್ತಾ ಬರುತ್ತಾ ಬದಲಾಯಿಸಿ. ಪ್ರತಿ ಬದಲಾವಣೆಗೂ ಮೊದಲು ಇದ್ದ ಕ್ರಮದ ಫೋಟೋವನ್ನು ಫೋನಿನಲ್ಲಿ ತೆಗೆದಿಡಿ. ಹಳೆಯದೇ ಚೆನ್ನಾಗಿತ್ತು ಅನ್ನಿಸುವುದು ಬಹಳ ಸಲ.

ಎಲ್ಲಕ್ಕಿಂತ ಒಳ್ಳೆಯ ಚಿತ್ರವನ್ನು ಮೊದಲೇ ಇಡಬೇಡಿ. ಮೊದಲನೆಯದು ಒಳಗೆ ಕರೆದುಕೊಂಡು ಹೋಗುವಂತಿದ್ದರೆ ಸಾಕು. ವ್ಯಕ್ತಿ ಬಲಕ್ಕೆ ನೋಡುತ್ತಿದ್ದರೆ ಅವರನ್ನು ಎಡಪುಟದಲ್ಲಿಡಿ, ಆಗ ನೋಟ ಪುಸ್ತಕದ ಒಳಗೇ ಉಳಿಯುತ್ತದೆ. ಎದುರುಬದುರು ಪುಟಗಳಿಗೆ ಒಂದು ನಂಟು ಇರಲಿ. ಅಳತೆ ಟೇಪಿನ ಸುರುಳಿಯ ಎದುರು ಚಿಕ್ಕಮ್ಮನ ಬಳೆ ಬಂದದ್ದು ನಾನು ಯೋಚಿಸಿ ಮಾಡಿದ್ದಲ್ಲ. ಗೋಡೆಯ ಮೇಲೆ ಪಕ್ಕಪಕ್ಕ ಬಂದಾಗ ಕಂಡಿತು.

## ಹಂತ 11: ಈಗ ಬಣ್ಣ ತಿದ್ದಿ

ಈಗ ಅಂದರೆ ಈಗಲೇ, ಮೊದಲಲ್ಲ. 1800 ಚಿತ್ರ ತಿದ್ದುವ ಬದಲು 24 ತಿದ್ದಿದರೆ ಆಯಿತು.

ಎಲ್ಲಕ್ಕೂ ಪ್ರತಿನಿಧಿಯಂಥ ಒಂದು ಚಿತ್ರ ತೆಗೆದುಕೊಂಡು ಸರಿ ಮಾಡಿ. ಅದೇ ಸೆಟ್ಟಿಂಗನ್ನು ಉಳಿದವಕ್ಕೆ ನಕಲು ಮಾಡಿ, ಆಮೇಲೆ ಒಂದೊಂದನ್ನೂ ಸ್ವಲ್ಪ ಹೊಂದಿಸಿ. ನಡುನಡುವೆ 24ನ್ನೂ ಚಿಕ್ಕದಾಗಿ ಒಟ್ಟಿಗೆ ನೋಡಿ. ಒಂದು ಮಾತ್ರ ಹಳದಿಯಾಗಿಯೋ ಕಪ್ಪಾಗಿಯೋ ಎದ್ದು ಕಂಡರೆ ಅದನ್ನು ತಿದ್ದಿ.

ಪ್ರಿಂಟ್ ಕಪ್ಪಾಗಿ ಬಂತು ಎಂಬ ದೂರು ಎಲ್ಲ ಕಡೆ ಇದೆ. ಬಹುತೇಕ ಸಲ ಕಾರಣ ಪರದೆಯ ಬೆಳಕು. ಪರದೆ ತೀರಾ ಬೆಳಗುತ್ತಿದ್ದರೆ ಕಪ್ಪು ಚಿತ್ರವೂ ಸರಿಯಾಗಿ ಕಾಣುತ್ತದೆ. ತಿದ್ದುವಾಗ ಪರದೆಯ ಬೆಳಕನ್ನು ಅರ್ಧಕ್ಕೆ ಇಳಿಸಿ, ಪಕ್ಕದಲ್ಲಿ ಬಿಳಿ ಕಾಗದ ಹಿಡಿದು ಹೋಲಿಸಿ. ರಾತ್ರಿಯಿಡೀ ಕೂತು ತಿದ್ದಿದ್ದನ್ನು ಬೆಳಿಗ್ಗೆ ಇನ್ನೊಮ್ಮೆ ನೋಡದೆ ಕಳಿಸಬೇಡಿ.

## ಹಂತ 12: ಪ್ರಿಂಟಿನ ಮೇಲೆ ಕೈಕೆಲಸ (ಬೇಕಿದ್ದರೆ ಮಾತ್ರ)

ಪ್ರಿಂಟಿನ ಮೇಲೆ ಚಿತ್ರ ಬರೆಯುವುದು, ಕತ್ತರಿಸಿ ಅಂಟಿಸುವುದು, ದಾರದಲ್ಲಿ ಹೊಲಿಯುವುದು ಈಗ ಬಹಳ ಜನಕ್ಕೆ ಇಷ್ಟ. ನನಗೂ ಇಷ್ಟ. ಆದರೆ ಫೋಟೋದಲ್ಲಿ ಈಗಾಗಲೇ ಇರುವುದನ್ನೇ ದಾರ ಮತ್ತೆ ಹೇಳುತ್ತಿದ್ದರೆ ಬಿಟ್ಟುಬಿಡಿ. ನಾನು 24ರಲ್ಲಿ ಐದಕ್ಕೆ ಮಾತ್ರ ಹೊಲಿದೆ. ಖಾಲಿ ಕುರ್ಚಿಯ ಚಿತ್ರದಲ್ಲಿ, ಅವರು ಕೂರುವ ಜಾಗದ ಅಂಚನ್ನು ಕೆಂಪು ದಾರದಲ್ಲಿ ಗುರುತು ಮಾಡಿದೆ. ದಾರವನ್ನು ಅವರ ಡಬ್ಬಿಯಿಂದಲೇ ಕೇಳಿ ತಂದೆ.

1. ಪ್ರತಿ ಚಿತ್ರಕ್ಕೆ ಮೂರು ಪ್ರಿಂಟ್ ಹಾಕಿಸಿ. ಮೊದಲ ಎರಡು ಕೆಡುತ್ತವೆ.
2. ದಪ್ಪ ಮ್ಯಾಟ್ ಕಾಗದ ಆರಿಸಿ, 200 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ಗ್ರಾಂ ತೂಕ) ಮೇಲಿರಲಿ. ಹೊಳಪಿನ ಕಾಗದದ ಮೇಲೆ ಪೆನ್ಸಿಲ್ ಜಾರುತ್ತದೆ, ಸೂಜಿ ಚುಚ್ಚಿದಲ್ಲಿ ಪದರ ಬಿರಿಯಬಹುದು.
3. ಜಲವರ್ಣ ಬಳಸುವುದಾದರೆ ಪಿಗ್ಮೆಂಟ್ ಇಂಕಿನ ಪ್ರಿಂಟ್ ಕೇಳಿ. ಡೈ ಇಂಕ್ ನೀರು ತಾಗಿದರೆ ಹರಡುತ್ತದೆ. ಹೇಗಿದ್ದರೂ ಮೂಲೆಯಲ್ಲಿ ಒಂದು ಹನಿ ಹಾಕಿ ಪರೀಕ್ಷಿಸಿ. ಹೊಸ ಪ್ರಿಂಟನ್ನು ಒಂದು ದಿನ ಒಣಗಲು ಬಿಡಿ.
4. ಹೊಲಿಯುವ ಮೊದಲು ಪ್ರಿಂಟನ್ನು ದಪ್ಪ ಫೋಮಿನ ಮೇಲಿಟ್ಟು, ಮುಂದಿನ ಬದಿಯಿಂದ ಎಲ್ಲ ತೂತುಗಳನ್ನೂ ಚುಚ್ಚಿಕೊಳ್ಳಿ. ನಡುವೆ 4 ಮಿ.ಮೀ. ಅಂತರ ಇರಲಿ. ತೀರಾ ಹತ್ತಿರವಾದರೆ ಅಂಚೆಚೀಟಿಯ ಅಂಚಿನ ಹಾಗೆ ಹರಿದುಬರುತ್ತದೆ.
5. ದಾರವನ್ನು ಎಳೆಯುವಾಗ ಕಾಗದಕ್ಕೆ ನೇರವಾಗಿ ಎಳೆಯಿರಿ. ಓರೆಯಾಗಿ ಎಳೆದರೆ ತೂತು ಸೀಳುತ್ತದೆ.
6. ದಾರದ ತುದಿಗೆ ಹಿಂದೆ ದೊಡ್ಡ ಗಂಟು ಹಾಕಬೇಡಿ, ಅದು ಮುಂದೆ ಉಬ್ಬುತ್ತದೆ. ಆ್ಯಸಿಡ್ ಇಲ್ಲದ ಟೇಪಿನಿಂದ ಅಂಟಿಸಿ. ಸೆಲ್ಲೋಟೇಪ್ ಕೆಲವು ವರ್ಷಗಳಲ್ಲಿ ಹಳದಿಯಾಗಿ ಕಲೆ ಬಿಡುತ್ತದೆ.

ಮನೆಯ ಹಳೆಯ ಫೋಟೋಗಳನ್ನು ಸೇರಿಸುವುದಾದರೆ ಮೂಲ ಪ್ರತಿಯನ್ನು ಮುಟ್ಟಬೇಡಿ. 600 ಡಿಪಿಐಗೆ (ಇಂಚಿಗೆ 600 ಚುಕ್ಕಿ) ಸ್ಕ್ಯಾನ್ ಮಾಡಿ. 4 × 6 ಇಂಚಿನ ಫೋಟೋ ಆಗ 2400 × 3600 ಪಿಕ್ಸೆಲ್ ಆಗುತ್ತದೆ, 8 × 12 ಇಂಚಿಗೆ ಹಿಗ್ಗಿಸಬಹುದು. ಕೈಕೆಲಸ ಏನಿದ್ದರೂ ಆ ಪ್ರತಿಯ ಮೇಲೆ.

## ಹಂತ 13: ಪ್ರಿಂಟ್ ಮತ್ತು ಪುಸ್ತಕ

ಪಿಕ್ಸೆಲ್ಲನ್ನು 300ರಿಂದ ಭಾಗಿಸಿದರೆ ಎಷ್ಟು ಇಂಚು ಎಂದು ಸಿಗುತ್ತದೆ. ಅದಕ್ಕಿಂತ ಮುಖ್ಯವಾದ ಲೆಕ್ಕ ಆಕಾರದ್ದು. ಬಹುತೇಕ ಕ್ಯಾಮೆರಾಗಳ ಚಿತ್ರ 3:2, ಫೋನಿನದು 4:3. 8 × 10 ಕಾಗದಕ್ಕೆ ಎರಡೂ ಸರಿಯಾಗಿ ಕೂರುವುದಿಲ್ಲ, ಅಂಗಡಿಯವರು ಅಂಚು ಕತ್ತರಿಸುತ್ತಾರೆ. ಕತ್ತರಿಸುವುದು ಎಲ್ಲಿ ಎಂಬುದನ್ನು ನೀವೇ ತೀರ್ಮಾನಿಸಿ ಕಳಿಸಿ, ಅಥವಾ ಸುತ್ತ ಬಿಳಿ ಅಂಚು ಬಿಡಲು ಹೇಳಿ. ಅಂಗಡಿಯವರು ಬೇರೆ ಏನೂ ಹೇಳದಿದ್ದರೆ ಫೈಲುಗಳು ಸಾಮಾನ್ಯ ಬಳಕೆಯ ಬಣ್ಣದ ಮಾನದಂಡವಾದ ಎಸ್‌ಆರ್‌ಜಿಬಿಯಲ್ಲಿರಲಿ.

ಎಲ್ಲವನ್ನೂ ಒಟ್ಟಿಗೆ ಹಾಕಿಸಬೇಡಿ. ಅತಿ ಕಪ್ಪಿನದು, ಅತಿ ಬೆಳಕಿನದು, ಚರ್ಮದ ಬಣ್ಣ ಇರುವುದು, ಹೀಗೆ ಮೂರು ಚಿತ್ರ ಮೊದಲು ಹಾಕಿಸಿ. ಹಗಲು ಬೆಳಕಿನಲ್ಲಿ ನೋಡಿ.

ಕೈಪುಸ್ತಕದ ಒಟ್ಟು ಪುಟ ನಾಲ್ಕರಿಂದ ಭಾಗವಾಗಬೇಕು. ಒಂದು ಹಾಳೆ ಮಡಚಿದರೆ ನಾಲ್ಕು ಪುಟ, ಎಂಟು ಹಾಳೆಗೆ 32. ಮೊದಲು ಸಾದಾ ಕಾಗದದಲ್ಲಿ ಅದೇ ಅಳತೆಯ ಮಾದರಿ ಪುಸ್ತಕ ಮಾಡಿ. ಮುಖ ನಡುಮಡಿಕೆಯಲ್ಲಿ ಮುಚ್ಚಿಹೋಗುತ್ತದೆಯೇ ಎಂಬುದು ಆಗಲೇ ಗೊತ್ತಾಗುತ್ತದೆ. ಚಿತ್ರ ಪುಟದ ಅಂಚಿನವರೆಗೂ ಬರಬೇಕಾದರೆ ಚಿತ್ರವನ್ನು ಪುಟಕ್ಕಿಂತ ಸುತ್ತ 3 ಮಿ.ಮೀ. ದೊಡ್ಡದಾಗಿಡಿ, ಕತ್ತರಿಸುವಾಗ ಅದು ಹೋಗುತ್ತದೆ. ಕಾಗದಕ್ಕೆ ನಾರಿನ ದಿಕ್ಕು ಇರುತ್ತದೆ, ಅದರ ಉದ್ದಕ್ಕೆ ಮಡಚಿ. ಅಡ್ಡಕ್ಕೆ ಮಡಚಿದರೆ ಮಡಿಕೆ ಬಿರುಕು ಬಿಡಬಹುದು.

ಕಟ್ಟಲು ಮೂರು ತೂತಿನ ಹೊಲಿಗೆ ಸಾಕು. ಮಡಿಕೆಯ ನಡುವೆ ಒಂದು, ಮೇಲೆ ಒಂದು, ಕೆಳಗೆ ಒಂದು ತೂತು ಮಾಡಿ. ಒಳಗಿನಿಂದ ನಡುತೂತಿನಲ್ಲಿ ಹೊರಗೆ ಬನ್ನಿ. ಮೇಲಿನ ತೂತಿನಲ್ಲಿ ಒಳಗೆ ಹೋಗಿ. ಒಳಗೇ ಉದ್ದಕ್ಕೆ ಇಳಿದು ಕೆಳಗಿನ ತೂತಿನಲ್ಲಿ ಹೊರಗೆ ಬನ್ನಿ. ನಡುತೂತಿನಲ್ಲಿ ಮತ್ತೆ ಒಳಗೆ ಹೋಗಿ. ದಾರದ ಎರಡೂ ತುದಿ ಒಳಗಿನ ಉದ್ದ ಹೊಲಿಗೆಯ ಆಚೆ ಒಂದು, ಈಚೆ ಒಂದು ಇರುವಂತೆ ನೋಡಿಕೊಂಡು ಗಂಟು ಹಾಕಿ.

## ನಿಲ್ಲುತ್ತಿದೆ ಎಂಬುದರ ಲಕ್ಷಣಗಳು

ಯಾವ ಹಂತದಲ್ಲಿದ್ದರೂ ಇವು ಕಂಡರೆ ಎಚ್ಚರ.

ಹೊಸ ಲೆನ್ಸಿನ ಬಗ್ಗೆ ದಿನವೂ ಓದುತ್ತಿದ್ದೀರಿ. ಓದುವುದನ್ನು ನಿಲ್ಲಿಸಿ, ಇರುವುದರಲ್ಲೇ ನಾಳೆ ಹತ್ತು ಚಿತ್ರ ತೆಗೆಯಿರಿ.

ಮೂರು ವಾರದಿಂದ ಹೋಗಿಲ್ಲ. ಕ್ಯಾಮೆರಾ ಇಲ್ಲದೆ ಸುಮ್ನೆ ಹೋಗಿ ಬನ್ನಿ. ಎರಡನೇ ಸಲ ಕ್ಯಾಮೆರಾ ಒಯ್ಯಿರಿ.

ತೆಗೆದ ಪ್ರತಿ ಚಿತ್ರವನ್ನೂ ಹಂಚಿಕೊಳ್ಳುತ್ತಿದ್ದೀರಿ, ಲೈಕ್ ಬಂದ ಬಗೆಯದ್ದನ್ನೇ ಮತ್ತೆ ತೆಗೆಯುತ್ತಿದ್ದೀರಿ. ಇದು ನಿಜಕ್ಕೂ ಅಪಾಯ. ಶಾಂತ ಚಿತ್ರಗಳಿಗೆ ಒಂಟಿಯಾಗಿ ಲೈಕ್ ಬರುವುದಿಲ್ಲ, ಪುಸ್ತಕಕ್ಕೆ ಅವು ಬೇಕೇ ಬೇಕು. ಮುಗಿಯುವ ತನಕ ಹಂಚಬೇಡಿ.

ವಿಷಯವನ್ನೇ ಬದಲಾಯಿಸಬೇಕು ಅನ್ನಿಸುತ್ತಿದೆ. ಹಂತ 1ರ ವಾಕ್ಯವನ್ನು ಮತ್ತೆ ಓದಿ. ಬಹಳ ಸಲ ಬದಲಾಯಿಸುವ ಅಗತ್ಯ ಇರುವುದಿಲ್ಲ, ಇನ್ನೂ ಚಿಕ್ಕದು ಮಾಡಿದರೆ ಸಾಕಾಗುತ್ತದೆ. ಇಡೀ ಕೋಣೆ ಭಾರ ಅನ್ನಿಸಿದರೆ ಮೇಜು ಒಂದೇ ಸಾಕು.

## ಹಂತ 14: ಮುಗಿದ ದಿನ

ಕೊನೆಯ 24 ಫೈಲುಗಳನ್ನು, ಸಾಲಿನ ಕ್ರಮವನ್ನು, ಬಳಸಿದ ಕಾಗದದ ಹೆಸರು ಮತ್ತು ಜಿಎಸ್‌ಎಂ ಬರೆದ ಚೀಟಿಯನ್ನು ಒಂದೇ ಫೋಲ್ಡರಿಗೆ ಹಾಕಿ ಮೂರೂ ಕಡೆ ನಕಲು ಮಾಡಿ. ಮುಂದೆ ಯಾರಾದರೂ ಇನ್ನೊಂದು ಪ್ರತಿ ಕೇಳಿದರೆ ಇದೇ ಚೀಟಿ ಬೇಕಾಗುತ್ತದೆ.

ಮೊದಲ ಪ್ರತಿಯನ್ನು ಫೋಟೋದಲ್ಲಿರುವವರಿಗೆ ಕೊಡಿ. ಬೇರೆಯವರಿಗೆ ತೋರಿಸುವ ಮೊದಲು ಅವರು ಪುಟ ತಿರುಗಿಸಿ ನೋಡಲಿ. ಯಾವುದಾದರೂ ಚಿತ್ರ ಬೇಡ ಎಂದರೆ ತೆಗೆದುಬಿಡಿ, ಪುಸ್ತಕವನ್ನು ಮತ್ತೆ ಕಟ್ಟಲು ಒಂದು ಸಂಜೆ ಸಾಕು. ಚಿಕ್ಕಮ್ಮ ಒಂದು ಚಿತ್ರವನ್ನೂ ಬೇಡ ಎನ್ನಲಿಲ್ಲ. ನಡುಪುಟ ತೆರೆದು ನನ್ನ ಹೊಲಿಗೆಯನ್ನು ಬೆರಳಿನಿಂದ ಸವರಿ, "ದಾರ ಸಡಿಲ ಇದೆ" ಎಂದರು. ಅಲ್ಲೇ ಸೂಜಿ ತೆಗೆದುಕೊಂಡು ಬಿಗಿ ಮಾಡಿಕೊಟ್ಟರು.